ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ಏನ್ ಮಾಡಲಿ?

ಬಾಡಿಗೆ ಮನೆ ಖಾಲಿ ಮಾಡಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಓನರ್ ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ. ಏನ್ ಮಾಡಲಿ?" ನಾನು ವಕೀಲನಲ್ಲ. ಒಮ್ಮೆ ಪೂರ್ತಿ ಸೋತು, ಇನ್ನೊಮ್ಮೆ ಮುಕ್ಕಾಲು ಪಾಲು ವಸೂಲಿ ಮಾಡಿದವನು, ಅಷ್ಟೇ.

ದುಡ್ಡು ಕೇಳಬೇಡಿ, ಲೆಕ್ಕ ಕೇಳಿ. ಇದೇ ನನ್ನ ಉತ್ತರ. ದುಡ್ಡು ಕೇಳಿದರೆ "ಮುಂದಿನ ವಾರ ನೋಡೋಣ" ಅಂದುಬಿಡಬಹುದು. ಯಾವುದಕ್ಕೆ ಎಷ್ಟು ಹಿಡಿದುಕೊಂಡಿದ್ದೀರಿ, ಬಿಲ್ ಎಲ್ಲಿ ಅಂತ ಕೇಳಿದರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ಅದೂ ಫೋನಿನಲ್ಲಲ್ಲ, ಬರೆದು ಕೇಳಿ. ಕೀ ಕೊಟ್ಟ ದಿನ, ಕೊಟ್ಟಿದ್ದ ಮೊತ್ತ, ಉತ್ತರಕ್ಕೊಂದು ಗಡುವು, ಇಷ್ಟು ಸಾಕು. ಬೈಗುಳ ಬೇಡ. ನಾಳೆ ಆ ಕಾಗದವನ್ನು ಜಡ್ಜ್ ಓದಬೇಕಾಗಬಹುದು. ಕೆಲವು ಕಡೆ ಲೆಕ್ಕ ಕೊಡುವುದು ಕಾನೂನೇ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಉಳಿದ ಹಣ, ಮುರಿದುಕೊಂಡಿದ್ದರ ಪಟ್ಟಿ ಎರಡನ್ನೂ ಕೊಡಬೇಕು.

ಪಟ್ಟಿ ಬಂತು ಅಂದುಕೊಳ್ಳಿ. ಮೊದಲ ಸಾಲು ಪೇಂಟಿಂಗೇ ಆಗಿರುತ್ತದೆ. ಜನ ಸೋಲುವುದು ಇಲ್ಲೇ. ಬಿಸಿಲಿಗೆ ಬಣ್ಣ ಮಾಸುವುದು, ಓಡಾಡುವ ಕಡೆ ನೆಲ ಸವೆಯುವುದು ಬಳಕೆಯ ಸವೆತ. ಮನೆ ಬಳಸುವುದಕ್ಕೇ ತಾನೇ ತಿಂಗಳು ತಿಂಗಳು ಬಾಡಿಗೆ ಕೊಟ್ಟಿದ್ದು? ಬಾಗಿಲು ಮುರಿದಿದ್ದರೆ ಅದು ಹಾನಿ, ಒಪ್ಪಿಕೊಳ್ಳಿ. ಆದರೆ ಹಾನಿಗೂ ಹೊಸದರ ಬೆಲೆ ತೆರಬೇಕಿಲ್ಲ. ಐದು ವರ್ಷ ಬಾಳುವ ಬಣ್ಣಕ್ಕೆ ಆಗಲೇ ನಾಲ್ಕು ವರ್ಷ ಆಗಿತ್ತು ಅನ್ನಿ. ಉಳಿದಿದ್ದು ಐದನೇ ಒಂದು ಪಾಲು ಬೆಲೆ ಮಾತ್ರ. ಮಕ್ಕಳು ಗೋಡೆ ತುಂಬಾ ಗೀಚಿದ್ದರೂ ನೀವು ಕೊಡಬೇಕಾದ್ದು ಅಷ್ಟೇ. ಈ ಗಣಿತವನ್ನು ಬರೆದು ಕಳಿಸಿ. ಪೇಂಟಿಂಗ್ ಖರ್ಚು ಬಾಡಿಗೆಯವರದ್ದು ಅಂತ ಕರಾರಿನಲ್ಲೇ ಇದ್ದರೆ ಮಾತು ಬೇರೆ. ಓದದೆ ಸಹಿ ಹಾಕಿದ್ದೀರಿ, ಅಲ್ವಾ?

ಕೊನೆ ತಿಂಗಳ ಬಾಡಿಗೆ ಕೊಡದೆ "ಅಡ್ವಾನ್ಸಲ್ಲಿ ಮುರ್ಕೊಳ್ಳಿ" ಅನ್ನಬಹುದಾ ಅಂತಲೂ ಕೇಳುತ್ತಾರೆ. ಓನರ್ ಒಪ್ಪಿ ಬರೆದುಕೊಟ್ಟರೆ ಸರಿ. ಸುಮ್ನೆ ನಿಲ್ಲಿಸಿದರೆ ಬಾಕಿ ಉಳಿಸಿಕೊಂಡವರು ನೀವಾಗುತ್ತೀರಿ.

ಲೆಕ್ಕಕ್ಕೂ ಬಗ್ಗದಿದ್ದರೆ ನೋಟಿಸ್. ಆಮೇಲೆ ಸಣ್ಣ ಮೊತ್ತದ ಕೇಸು ನೋಡುವ ಕೋರ್ಟೋ, ಬಾಡಿಗೆ ತಕರಾರು ಬಗೆಹರಿಸುವ ಕಚೇರಿಯೋ, ನಿಮ್ಮ ಕಡೆ ಯಾವುದಿದೆಯೋ ಅದು. ಅಲ್ಲಿ ನಡೆಯುವುದು ಪುರಾವೆ ಮಾತ್ರ. ನಾನು ಮೊದಲ ಸಲ ಸೋತಿದ್ದು ಅದಿಲ್ಲದೆ. ಸಿಂಕ್ ನಾನು ಬರುವ ಮೊದಲೇ ಬಿರುಕು ಬಿಟ್ಟಿತ್ತು, ಆದರೆ ಒಂದು ಫೋಟೋ ಇರಲಿಲ್ಲ. ಎರಡನೇ ಮನೆಗೆ ಹೋದ ದಿನ ಸಾಮಾನು ಇಳಿಸುವ ಮೊದಲೇ ನಲ್ಲಿಯಿಂದ ಸ್ವಿಚ್‌ವರೆಗೆ ವಿಡಿಯೋ ಮಾಡಿ ಓನರಿಗೇ ಇಮೇಲ್ ಮಾಡಿದೆ. ಅವರು ನಕ್ಕರು. ಮನೆ ಬಿಡುವಾಗ ಬಚ್ಚಲುಮನೆಯ ಒಡೆದ ಟೈಲ್ಸ್ ತೋರಿಸಿ ರಾಗ ತೆಗೆದರು. ನಾನು ಆ ಇಮೇಲ್ ತೆರೆದು ಫೋನ್ ಕೈಗೆ ಕೊಟ್ಟೆ. ಟೈಲ್ಸ್ ಮಾತು ಅಲ್ಲಿಗೆ ಬಿಟ್ಟರು. ಪೇಂಟಿಂಗ್ ಮಾತ್ರ ಬಿಡಲಿಲ್ಲ. ಕರಾರಿನಲ್ಲಿ ಇತ್ತು, ನಾನೂ ಓದಿರಲಿಲ್ಲ.