ಥಿಯರೆಟಿಕಲ್ ಫಿಸಿಕ್ಸ್ ಓದಿದರೆ ಮುಂದೇನು?

ಪಿಯುಸಿ ರಿಸಲ್ಟ್ ಬಂದಲ್ಲಿಂದ ಮಳೆಗಾಲ ಹಿಡಿಯುವವರೆಗೂ ಅಪ್ಪ-ಅಮ್ಮಂದಿರು ನನ್ನನ್ನು ಕೇಳುವುದು ಇದೊಂದೇ. "ಸರ್, ಮಗಳು ಇಂಜಿನಿಯರಿಂಗ್ ಬೇಡ ಅಂತಾಳೆ. ಥಿಯರೆಟಿಕಲ್ ಫಿಸಿಕ್ಸೇ ಬೇಕಂತೆ. ಅದನ್ನ ಓದಿ ಏನ್ ಮಾಡ್ತಾಳೆ? ಕೆಲಸ ಸಿಗುತ್ತಾ?" ಶಿವಮೊಗ್ಗದ ಪೇಟೆಯಲ್ಲಿ ಸಿಕ್ಕವರೂ ಕೇಳುತ್ತಾರೆ, ತೀರ್ಥಹಳ್ಳಿ, ಹೊಸನಗರದಿಂದ ಫೋನ್ ಮಾಡುವವರೂ ಕೇಳುತ್ತಾರೆ. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ. ಥಿಯರೆಟಿಕಲ್ ಫಿಸಿಕ್ಸ್ ಅಂದರೆ ಪ್ರಯೋಗ ಮಾಡುವುದಕ್ಕಿಂತ ಹೆಚ್ಚಾಗಿ ಗಣಿತದ ಲೆಕ್ಕದಿಂದ ನಿಸರ್ಗದ ನಿಯಮ ಹುಡುಕುವ ಫಿಸಿಕ್ಸ್.

ಕೆಲಸ ಸಿಗುತ್ತದೆ. ಆದರೆ ದೊಡ್ಡ ಸಂಸ್ಥೆಯಲ್ಲಿ ಕೂತು ಥಿಯರಿ ಮಾಡುವ ಕೆಲಸವೇ ಸಿಗುತ್ತದೆ ಅಂತ ಯಾರೂ ಮಾತು ಕೊಡಲಾಗದು. ಅಂಥ ಹುದ್ದೆಗಳು ಕಡಿಮೆ, ಆಸೆ ಪಡುವವರು ಜಾಸ್ತಿ. ಇನ್ನೊಂದು ವಿಷಯ ಮನೆಯವರಿಗೆ ಹೊಳೆದಿರುವುದೇ ಇಲ್ಲ. ಈ ಓದಿನಲ್ಲಿ ದುಡ್ಡಿಗಿಂತ ಹೆಚ್ಚು ಖರ್ಚಾಗುವುದು ವಯಸ್ಸು.

ಲೆಕ್ಕ ಹಾಕಿ ನೋಡಿ. ಪಿಯುಸಿ ಆದಮೇಲೆ ಐದು ವರ್ಷ, ಅಲ್ಲಿಗೆ ಎಂಎಸ್ಸಿ. ಪಿಎಚ್‌ಡಿಗೆ ಇನ್ನೈದಾರು ವರ್ಷ. ಆಮೇಲೆ ಪೋಸ್ಟ್‌ಡಾಕ್ ಅಂತ ಎರಡೆರಡು ವರ್ಷದ ತಾತ್ಕಾಲಿಕ ಕೆಲಸ, ಒಂದು ಮುಗಿದರೆ ಇನ್ನೊಂದು, ಬಹಳ ಸಲ ಹೊರದೇಶದಲ್ಲಿ. ಕಾಯಂ ಕೆಲಸ ಅಂತ ಆಗುವಾಗ ವಯಸ್ಸು 33, 34. ಜೊತೆಯಲ್ಲಿ ಓದಿದ ಹುಡುಗ ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಮನೆ ಮಾಡಿರುತ್ತಾನೆ.

ದುಡ್ಡಿನ ಕಡೆ ಇಷ್ಟು ಕಷ್ಟ ಇಲ್ಲ. ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಬಿಎಸ್ಸಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿದರೆ ಊರ ಹತ್ತಿರವೇ ಓದು ಆಗುತ್ತದೆ. ಮ್ಯಾನೇಜ್‌ಮೆಂಟ್ ಸೀಟಿಗೆ ಸುರಿಯುವ ದುಡ್ಡಿನ ಮುಂದೆ ಆ ಖರ್ಚು ಏನೂ ಅಲ್ಲ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇಕಡಾ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 80,000 ರೂಪಾಯಿ. ಪಿಎಚ್‌ಡಿಗೆ ಸೇರಿದಮೇಲೆ ನಾವು ಕಟ್ಟುವುದಕ್ಕಿಂತ ಅವರು ಕೊಡುವುದೇ ಜಾಸ್ತಿ. ಪಿಎಚ್‌ಡಿ ಮಾಡುವವರಿಗೆ ಮೊದಲ ವರ್ಷಗಳಲ್ಲಿ ಸಿಗುವ ಫೆಲೋಶಿಪ್ಪಿಗೆ ಜೆಆರ್‌ಎಫ್ ಅನ್ನುತ್ತಾರೆ. 2023ರಲ್ಲಿ ಅದು ತಿಂಗಳಿಗೆ 37,000ಕ್ಕೆ ಏರಿತು, ಮನೆ ಬಾಡಿಗೆ ಭತ್ಯೆ ಬೇರೆ.

ಹಾಗಿದ್ದರೂ ಎಲ್ಲ ಮನೆಗೂ ಒಂದೇ ಉತ್ತರ ಕೊಡಲು ನನಗೆ ಮನಸ್ಸಾಗುವುದಿಲ್ಲ. ನಾಲ್ಕೆಕರೆ ಅಡಿಕೆ ತೋಟ ಇದ್ದವರ ಮನೆ ಕೊಳೆ ರೋಗ ಬಂದ ವರ್ಷವೂ ಹೇಗೋ ನಡೆಯುತ್ತದೆ, ಮಗ 34ರವರೆಗೆ ಓದಬಹುದು. ಅದೇ ತೋಟಕ್ಕೆ ಕೂಲಿಗೆ ಹೋಗುವವರ ಮಗಳು ಫೆಲೋಶಿಪ್‌ನಲ್ಲೇ ಮನೆಗೂ ಕಳಿಸಬೇಕು, ತಮ್ಮನನ್ನೂ ಓದಿಸಬೇಕು. ಜೊತೆಗೆ ಮದುವೆಯ ಮಾತು ಬರುವುದೂ ಇದೇ ವಯಸ್ಸಿನಲ್ಲಿ. ಚೆನ್ನಾಗಿ ಓದುವ ಹುಡುಗಿಯರು ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಬಂದದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. "ಮುಗಿಸಿಕೊಂಡು ಬಾ, ಮಿಕ್ಕಿದ್ದು ಆಮೇಲೆ" ಅಂತ ಮನೆಯವರು ಹೇಳಬಲ್ಲರಾ? ಸೀಟು ಹುಡುಕುವ ಮೊದಲು ಇದು ತೀರ್ಮಾನ ಆಗಬೇಕು.

ಇನ್ನು, ಮಗುವಿಗೆ ನಿಜವಾಗಿ ಇದರ ಹುಚ್ಚು ಇದೆಯಾ ಅಂತ ತಿಳಿಯುವುದು ಹೇಗೆ? ಬ್ಲ್ಯಾಕ್ ಹೋಲ್ ವಿಡಿಯೋ ನೋಡಿ ಖುಷಿಪಡುವುದು ಸಾಲದು. ನಾನು ನೋಡುವುದು ಬೇರೆ. ಲೋಲಕದ ಪಾಠದಲ್ಲಿ "ಕೋನ ಚಿಕ್ಕದಿದ್ದರೆ" ಅಂತ ಹೇಳಿ ಸೂತ್ರ ಕೊಡುತ್ತೇವೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಯಾರೋ ಒಬ್ಬಳು "ದೊಡ್ಡದಿದ್ದರೆ ಸರ್?" ಅನ್ನುತ್ತಾಳೆ. ಲೋಲಕವನ್ನು ಪೂರ್ತಿ ಅಡ್ಡಕ್ಕೆ, 90 ಡಿಗ್ರಿಗೆ ಎತ್ತಿ ಬಿಟ್ಟರೆ ಒಂದು ಸುತ್ತಿನ ತೂಗಾಟಕ್ಕೆ ಸೂತ್ರ ಹೇಳುವುದಕ್ಕಿಂತ ಸುಮಾರು ಶೇಕಡಾ 18ರಷ್ಟು ಜಾಸ್ತಿ ಹೊತ್ತು ಹಿಡಿಯುತ್ತದೆ. ಇದನ್ನು ಹೇಳಿಬಿಟ್ಟರೆ ಅವಳಿಗೆ ತೃಪ್ತಿ ಇಲ್ಲ. ಮಾರನೇ ದಿನ ನೋಟ್‌ಬುಕ್ ಹಿಡಿದು ಬರುತ್ತಾಳೆ. ತೂಗಾಟದ ಹೊತ್ತನ್ನು ಕೊಡುವ ಇಂಟಿಗ್ರಲ್ಲನ್ನು ಸರಣಿಯಾಗಿ ಬಿಡಿಸಿರುತ್ತಾಳೆ. ಮೊದಲ ತಿದ್ದುಪಡಿಗೆ ಶೇಕಡಾ 15 ಬಂದಿದೆ, ಎರಡನೆಯದಕ್ಕೆ 17 ದಾಟಿದೆ, "ಮುಂದಿನದಕ್ಕೆ 18ರ ಹತ್ತಿರ ಹೋಗುತ್ತೆ ಅಲ್ವಾ ಸರ್?" ಅಂತ ಕೇಳುತ್ತಾಳೆ. ಪರೀಕ್ಷೆಗೆ ಇದು ಬರುವುದಿಲ್ಲ, ಅದು ಅವಳಿಗೂ ಗೊತ್ತು. ಅಂಥವಳನ್ನು ಬೇರೆ ಕೋರ್ಸಿಗೆ ತಳ್ಳಬೇಡಿ ಅಂತ ನಾನು ಮನೆಗೇ ಹೋಗಿ ಹೇಳುತ್ತೇನೆ.

ಪೇಪರು ಪೆನ್ನಿನ ಈ ಕೆಲಸ ಎಲ್ಲಿಗೆ ಮುಟ್ಟುತ್ತದೆ ಅನ್ನುವವರಿಗೆ ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರ ಬಗ್ಗೆ ಹೇಳುತ್ತೇನೆ. ಬ್ಲ್ಯಾಕ್ ಹೋಲ್ ಅಲುಗಿದರೆ ಬಡಿದ ಗಂಟೆಯ ಹಾಗೆ ಮೊಳಗಿ ಬೇಗ ಅಡಗುತ್ತದೆ ಅಂತ ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಮೊಳಗು ಹೊರಗೆ ಹರಡುವುದು ಗುರುತ್ವ ಅಲೆಯಾಗಿ, ಅಂಥ ಅಲೆಯನ್ನು ಆಗ ಯಾರೂ ಹಿಡಿದಿರಲಿಲ್ಲ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಮೊದಲ ಸಲ ಹಿಡಿಯಿತು. ಆ ಸಂಕೇತದ ಕೊನೆಗೆ ಅಡಗುತ್ತಾ ಹೋಗುವ ಮೊಳಗು ಕಂಡಿತು. ಸುದ್ದಿ ಹೊರಬಿದ್ದದ್ದು 2016ರ ಫೆಬ್ರವರಿಯಲ್ಲಿ. ಅದನ್ನು ಕೇಳಲು ಅವರು ಇನ್ನೂ ಇದ್ದರು ಅನ್ನುವುದು ನೆನೆದಾಗೆಲ್ಲ ನನಗೆ ಸಂತೋಷ.

ದಾರಿ ಹೇಳುವುದು ಸುಲಭ. ಪಿಯುಸಿ ಆದಮೇಲೆ ಐಎಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳು, ಬೆಂಗಳೂರಿನ ಐಐಎಸ್‌ಸಿ. ಬಿಎಸ್ಸಿ ಆದಮೇಲೆ ಎಂಎಸ್ಸಿ ಸೀಟಿಗೆ ಜ್ಯಾಮ್ ಪರೀಕ್ಷೆ. ಪಿಎಚ್‌ಡಿಗೆ ಜೆಸ್ಟ್, ಗೇಟ್, ನೆಟ್ ಪರೀಕ್ಷೆಗಳು. ಥಿಯರಿ ಕೆಲಸದ ಕೇಂದ್ರವಾದ ಐಸಿಟಿಎಸ್, ರಾಮನ್ ಸಂಶೋಧನಾ ಸಂಸ್ಥೆ, ಎರಡೂ ಬೆಂಗಳೂರಿನಲ್ಲೇ ಇವೆ. ಊರಿನ ಕಾಲೇಜಿನಲ್ಲಿ ಓದುವವರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ತಪ್ಪದೆ ಅರ್ಜಿ ಹಾಕಿ. ಎರಡು ತಿಂಗಳು ಸಂಶೋಧಕರ ಪಕ್ಕ ಕೂತು ಕೆಲಸ ಮಾಡಿದರೆ ಇದು ನನಗಾಗುತ್ತಾ ಇಲ್ಲವಾ ಅಂತ ತಾನೇ ಗೊತ್ತಾಗುತ್ತದೆ. ಕನ್ನಡ ಮೀಡಿಯಂನವರು ಸುಮ್ನೆ ಹೆದರುತ್ತಾರೆ. ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಕೈಗೆ ಬರುತ್ತದೆ, ಗಣಿತ ಕಚ್ಚಾ ಉಳಿದರೆ ಮಾತ್ರ ಮುಂದೆ ಕಾಡುತ್ತದೆ.

"ಅರ್ಧಕ್ಕೆ ಬಿಡಬೇಕಾಗಿ ಬಂದರೆ?" ಅಂತ ಕೊನೆಗೆ ಕೇಳೇ ಕೇಳುತ್ತಾರೆ. ಎಂಎಸ್ಸಿಗೆ ನಿಲ್ಲಿಸಿ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೆ ಡಿಗ್ರಿ ಕಾಲೇಜಿನ ಹುದ್ದೆಗೆ ಅರ್ಜಿ ಹಾಕಬಹುದು, ಬಿಎಡ್ ಮಾಡಿದರೆ ಪಿಯು ಕಾಲೇಜು ಇದೆ. ಪಿಎಚ್‌ಡಿ ಮುಗಿಸಿ ಬ್ಯಾಂಕು, ಸಾಫ್ಟ್‌ವೇರ್, ಡೇಟಾ ಸೈನ್ಸ್ ಕಡೆ ಹೋದವರು ಬಹಳ ಮಂದಿ. ಆದರೆ ಅದಕ್ಕೆ ಪ್ರೋಗ್ರಾಮಿಂಗ್ ಬೇಕು, ಬಿಎಸ್ಸಿಯಲ್ಲೇ ಪೈಥಾನ್ ಕಲಿತಿರಲಿ. ನನ್ನ ಆಸೆ ಕೇಳಿದರೆ, ಅವರಲ್ಲಿ ಕೆಲವರಾದರೂ ಪಾಠ ಮಾಡಲು ಸಾಗರಕ್ಕೋ ಹೊಸನಗರಕ್ಕೋ ಬರಲಿ. ದೊಡ್ಡ ಕೋನದ ಪ್ರಶ್ನೆ ಕೇಳುವ ಮಕ್ಕಳು ಅಲ್ಲೂ ಇದ್ದಾರೆ.