ಅಂಕಿ ಇದೆ, ಅದರ ವಿವರ ಎಲ್ಲಿ?

ಆಸ್ಪತ್ರೆಗಳ ಲ್ಯಾಬ್ ಡೇಟಾವನ್ನು ಸಂಶೋಧಕರಿಗೆ ಕೊಡುವ ಮೊದಲು ಜೋಡಿಸಿ, ಸರಿಪಡಿಸುವುದು ನನ್ನ ಕೆಲಸ. ಡೇಟಾ ಸಿಗುವುದೇ ಕಷ್ಟ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಂಕಿಗಳು ರಾಶಿ ರಾಶಿ ಇವೆ. ಅವನ್ನು ಯಾವಾಗ, ಯಾವ ಯಂತ್ರದಲ್ಲಿ, ಯಾಕೆ ಅಳೆದರು ಅನ್ನುವ ವಿವರವೇ ಸಿಗುವುದಿಲ್ಲ.

ಕ್ರಿಯಾಟಿನಿನ್ ತಗೊಳ್ಳಿ. ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ ಅದು. ಒಂದು ಕಡೆಯಿಂದ ಬಂದ ಫೈಲಿನಲ್ಲಿ 1.2 ಇರುತ್ತದೆ, ಇನ್ನೊಂದರಲ್ಲಿ 106. ಎರಡೂ ಒಂದೇ! ಮೊದಲನೆಯದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ, ಎರಡನೆಯದು ಲೀಟರಿಗೆ ಮೈಕ್ರೋಮೋಲ್ ಲೆಕ್ಕ. 88.4ರಿಂದ ಗುಣಿಸಿದರೆ ಮುಗಿಯಿತು. ಯೂನಿಟ್ ಬರೆಯದಿದ್ದರೂ ಇಲ್ಲಿ ಹೆಚ್ಚಾಗಿ ಊಹಿಸಬಹುದು.

ಗ್ಲೂಕೋಸ್ ಹಾಗಲ್ಲ. ಅಲ್ಲಿ ವ್ಯತ್ಯಾಸ ಸುಮಾರು 18 ಪಟ್ಟು. ಯೂನಿಟ್ ಇಲ್ಲದೆ ಬರೀ 30 ಅಂತ ಇದ್ದರೆ ಏನು ಮಾಡುವುದು? ಡೆಸಿಲೀಟರಿಗೆ 30 ಮಿಲಿಗ್ರಾಂ ಆದರೆ ಸಕ್ಕರೆ ಅಪಾಯ ಆಗುವಷ್ಟು ಇಳಿದಿದೆ. ಲೀಟರಿಗೆ 30 ಮಿಲಿಮೋಲ್ ಆದರೆ ಅಪಾಯ ಆಗುವಷ್ಟು ಏರಿದೆ. ಒಬ್ಬರಿಗೆ ತಕ್ಷಣ ಸಕ್ಕರೆ ಕೊಡಬೇಕು, ಇನ್ನೊಬ್ಬರಿಗೆ ಇನ್ಸುಲಿನ್ ಬೇಕಾಗಬಹುದು. ಇಂಥ ಸಾಲನ್ನು ನಾನು ಊಹೆಯಿಂದ ತುಂಬುವುದಿಲ್ಲ. ಮೂಲ ಲ್ಯಾಬಿಗೇ ಕೇಳುತ್ತೇನೆ. ಉತ್ತರ ಬರದಿದ್ದರೆ ಆ ಸಾಲನ್ನು ಬಿಡುತ್ತೇನೆ.

ಒಂದು ಪರೀಕ್ಷೆಗೆ ಎಲ್ಲ ಲ್ಯಾಬುಗಳಲ್ಲೂ ಒಂದೇ ಸಂಕೇತ ಇರಲಿ ಅಂತ ಮಾಡಿದ ಲೋಯಿಂಕ್ ಅನ್ನುವ ವ್ಯವಸ್ಥೆ 1994ರಿಂದಲೇ ಇದೆ. ಆದರೆ ಒಂದೊಂದು ಲ್ಯಾಬೂ ತನ್ನದೇ ಹೆಸರು ಬಳಸುತ್ತಿದ್ದರೆ, ಯಾವ ಹೆಸರಿಗೆ ಯಾವ ಸಂಕೇತ ಅಂತ ಮನುಷ್ಯರೇ ಕೂತು ಹೊಂದಿಸಬೇಕು. ಈ ಕೆಲಸಕ್ಕೆ ಹಣ ಕೊಡುವವರು ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಸಮಯದ ಕಾಲಂ ಕೂಡ ಸುಮ್ನೆ ಇರುವುದಲ್ಲ. 2018ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಗಳ 272 ಬಗೆಯ ಪರೀಕ್ಷೆಗಳನ್ನು ನೋಡಿತು. ರೋಗಿ ಮೂರು ವರ್ಷ ಬದುಕುತ್ತಾರಾ ಅನ್ನುವುದನ್ನು ಎಷ್ಟೋ ಪರೀಕ್ಷೆಗಳಲ್ಲಿ ಫಲಿತಾಂಶಕ್ಕಿಂತ ವೈದ್ಯರು ಪರೀಕ್ಷೆ ಮಾಡಿಸಲು ಹೇಳಿದ ಹೊತ್ತೇ ಚೆನ್ನಾಗಿ ಹೇಳಿತು. ಯೋಚಿಸಿದರೆ ಗೊತ್ತಾಗುತ್ತದೆ, ಅಲ್ವಾ? ಬೆಳಗಿನ ಜಾವ ಮೂರಕ್ಕೆ ರಕ್ತ ತೆಗೆಸಿದ್ದಾರೆ ಅಂದರೆ ವೈದ್ಯರಿಗೆ ಆಗಲೇ ಏನೋ ಆತಂಕ ಇತ್ತು. ಆ ಹೊತ್ತನ್ನು ಅಳಿಸಿದರೆ ವೈದ್ಯರ ತೀರ್ಮಾನವೇ ಅಳಿಸಿಹೋಗುತ್ತದೆ.

ಆದರೆ ವಿವರ ಜಾಸ್ತಿ ಇಟ್ಟಷ್ಟೂ ರೋಗಿಯ ಗುರುತು ಸಿಗುವ ಭಯವೂ ಜಾಸ್ತಿ. 1990ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ ಅವರು ಹೆಸರು ತೆಗೆದಿದ್ದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಗೆ ಹೋಲಿಸಿ, ಮ್ಯಾಸಚೂಸೆಟ್ಸ್ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಪತ್ತೆ ಮಾಡಿದರು. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್‌ನಂಥ ಜಿಪ್ ಕೋಡ್ ಅಷ್ಟೇ ಸಾಕಾಯಿತು.

ಹಾಗಂತ ಎಲ್ಲವನ್ನೂ ಕತ್ತರಿಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ತೀವ್ರ ನಿಗಾ ಘಟಕದ ದಾಖಲೆಗಳಿರುವ ಮಿಮಿಕ್ ಡೇಟಾಬೇಸ್ ಮಾಡಿದ ರೀತಿ ನನಗೆ ಇಷ್ಟ. ಅಲ್ಲಿ ಪ್ರತಿ ರೋಗಿಯ ದಿನಾಂಕಗಳನ್ನು ಒಟ್ಟಿಗೆ ಮುಂದಿನ ಶತಮಾನಕ್ಕೆ ಸರಿಸಿದ್ದಾರೆ. ನಿಜವಾದ ದಿನ ಗೊತ್ತಾಗುವುದಿಲ್ಲ, ಆದರೆ ಎರಡು ಪರೀಕ್ಷೆಗಳ ನಡುವಿನ ಅಂತರ ಉಳಿಯುತ್ತದೆ. ದಿನದ ಹೊತ್ತೂ ಉಳಿಯುತ್ತದೆ. ಬಳಸುವವರು ಮೊದಲು ತರಬೇತಿ ಮುಗಿಸಬೇಕು, ಒಪ್ಪಂದಕ್ಕೆ ಸಹಿ ಹಾಕಬೇಕು.

ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಯಂತ್ರ ಅಥವಾ ಕಿಟ್ ಬದಲಾಯಿಸಿದ ದಿನ ಅದನ್ನು ದಯವಿಟ್ಟು ಸಿಸ್ಟಂನಲ್ಲಿ ಬರೆದಿಡಿ. ಇಲ್ಲದಿದ್ದರೆ ಆ ದಿನದಿಂದ ಅಂಕಿಗಳು ಯಾಕೆ ಸ್ವಲ್ಪ ಮೇಲೇರಿದವು ಅಂತ ನಾವು ರೋಗಿಗಳಲ್ಲಿ ಕಾರಣ ಹುಡುಕುತ್ತೇವೆ.