ಸಸಿಗೆ ಕಟ್ಟಿದ ಚೀಟಿ ಮತ್ತು ಜಾಲತಾಣದ ವಿಳಾಸ

ಸಾಗರ ಪಟ್ಟಣದ ಸಮೀಪವಿರುವ ನಮ್ಮ ನರ್ಸರಿಯ ಜಾಲತಾಣವನ್ನು ಕಳೆದ ಬೇಸಿಗೆಯಲ್ಲಿ ಪುಟಗಳನ್ನು ನಿಭಾಯಿಸುವ ಜೂಮ್ಲಾ ಎಂಬ ತಂತ್ರಾಂಶದಿಂದ ಅಂಥದೇ ಇನ್ನೊಂದಾದ ವರ್ಡ್‌ಪ್ರೆಸ್‌ಗೆ ಸಾಗಿಸಿದೆವು. ಜೂಮ್ಲಾದ ಮೂರನೆಯ ಆವೃತ್ತಿಗೆ ಸುರಕ್ಷತಾ ಪರಿಷ್ಕರಣೆಗಳು 2023ರ ಆಗಸ್ಟ್‌ನಲ್ಲೇ ನಿಂತಿದ್ದವು. ಅದರದೇ ಹೊಸ ಆವೃತ್ತಿಗೆ ಏರಬಹುದಿತ್ತು. ಆದರೆ ಸಸಿಗಳ ಪಟ್ಟಿಗೆ ನಾವು ನೆಚ್ಚಿಕೊಂಡಿದ್ದ ಹೆಚ್ಚುವರಿ ತಂತ್ರಾಂಶ ಅಲ್ಲಿ ಓಡುತ್ತಿರಲಿಲ್ಲ, ಮೇಲಾಗಿ ದಿನವೂ ಪುಟಗಳನ್ನು ತಿದ್ದುವ ಅತ್ತಿಗೆಗೆ ವರ್ಡ್‌ಪ್ರೆಸ್ ಮೊದಲೇ ರೂಢಿಯಾಗಿತ್ತು.

ಹೊಸ ತಾಣದ ಅಂದಚೆಂದದ ಕೆಲಸ ಬೇಗ ಮುಗಿಯಿತು. ನನ್ನನ್ನು ನಿಜವಾಗಿ ಕಾಡಿದ್ದು ಹಳೆಯ ವಿಳಾಸಗಳ ಪ್ರಶ್ನೆ. ನಾವು ಮಾರುವ ಪ್ರತಿ ಸಸಿಗೂ ಒಂದು ಚೀಟಿ ಕಟ್ಟುತ್ತೇವೆ. ಅದರಲ್ಲಿರುವ ಕ್ಯೂಆರ್ ಕೋಡನ್ನು ಫೋನಿಗೆ ಹಿಡಿದರೆ ಆ ತಳಿಯ ಆರೈಕೆಯ ಪುಟ ತೆರೆದುಕೊಳ್ಳುತ್ತದೆ. ಆ ಚೀಟಿಗಳು ಈಗ ಯಾರ್ಯಾರದೋ ತೋಟದಲ್ಲಿವೆ. ತಾಣವನ್ನು ಬದಲಾಯಿಸುವುದು ನಮ್ಮ ಕೈಯಲ್ಲಿದೆ, ಅಚ್ಚಾಗಿ ಹೋದ ಚೀಟಿಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ.

ಜೂಮ್ಲಾದಲ್ಲಿ ಕನ್ನಡದಂಥ ಲಿಪಿಗಳಲ್ಲೂ ವಿಳಾಸ ಮೂಡಲು ಬೇಕಾದ ಯೂನಿಕೋಡ್ ವಿಳಾಸಗಳ ಆಯ್ಕೆಯನ್ನು ನಾವು ತೆರೆದಿರಲಿಲ್ಲವಾದ್ದರಿಂದ, ಕನ್ನಡ ಶೀರ್ಷಿಕೆಯ ಪ್ರತಿ ಪುಟಕ್ಕೂ ಅದು ಹೆಸರಿನ ಬದಲು ಪುಟ ಸೃಷ್ಟಿಯಾದ ದಿನಾಂಕ ಮತ್ತು ಗಳಿಗೆಯನ್ನೇ ವಿಳಾಸವಾಗಿ ಕೊಟ್ಟಿತ್ತು: 84-2015-06-11-05-42-10 ಎಂಬಂತೆ. ನೋಡಲು ಅರ್ಥಹೀನವೆನಿಸಿದರೂ ತಲೆಯಲ್ಲಿರುವ 84 ಎಂಬ ಸಂಖ್ಯೆಯೇ ಪುಟದ ನಿಜವಾದ ಗುರುತು. ಮುಂದಿನ ಬಾಲ ತುಂಡಾಗಿದ್ದರೂ ಹಳೆಯ ತಾಣ ಆ ಪುಟವನ್ನೇ ತೆರೆಯುತ್ತಿತ್ತು. ವಾಟ್ಸ್ಆ್ಯಪ್‌ನಲ್ಲಿ ಅರ್ಧ ಕತ್ತರಿಸಿ ಹೋದ ಕೊಂಡಿಗಳೂ ಹೀಗಾಗಿಯೇ ಕೆಲಸ ಮಾಡುತ್ತಿದ್ದವು. ಆದ್ದರಿಂದ ಪೂರ್ಣ ವಿಳಾಸವನ್ನು ಹೋಲಿಸದೆ, ಆ ಸಂಖ್ಯೆಯೊಂದನ್ನೇ ಹಿಡಿದು ಹೊಸ ಪುಟಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನವನ್ನು, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಸೂಚನೆಯನ್ನು, ಬರೆದೆ. ಇಂಥ ಮರುನಿರ್ದೇಶನಗಳನ್ನು ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಿ ಎನ್ನುತ್ತದೆ ಗೂಗಲ್. ಕಾಳುಮೆಣಸಿನ ಬಳ್ಳಿ ಹತ್ತಾರು ವರ್ಷ ಬದುಕುತ್ತದೆ. ನಾನು ಅವನ್ನು ತೆಗೆಯುವುದಿಲ್ಲ.

ಹೊಸ ವಿಳಾಸಗಳಲ್ಲಿ ಇನ್ನೊಂದು ತೊಡಕು ಕಾದಿತ್ತು. ‘ಹಿಪ್ಪಲಿ ಬುಡಕ್ಕೆ ಕಾಳುಮೆಣಸಿನ ಕಸಿ ಕಟ್ಟುವ ಕ್ರಮ’ ಎಂಬ ಬರಹದ ವಿಳಾಸ ‘ಹಿಪ್ಪಲಿ-ಬುಡಕ್ಕೆ-ಕಾಳುಮೆಣಸ’ ಎಂಬಲ್ಲಿಗೆ ಕಡಿದುಹೋಗಿತ್ತು. ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ 200 ಸ್ಥಾನಗಳನ್ನು ಕೊಡುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ ಮೂರು ಸ್ಥಾನ ಹಿಡಿಯುತ್ತದೆ. ಅಂದರೆ ಒಂದು ಸಂಕೇತಕ್ಕೆ ಒಂಬತ್ತು ಸ್ಥಾನ. ಗುಣಿತದ ಚಿಹ್ನೆ, ಒತ್ತಕ್ಷರದ ನಡುವೆ ಅಡಗಿರುವ ಹಲಂತ ಚಿಹ್ನೆಗಳನ್ನೂ ಸೇರಿಸಿ ಎಣಿಸಿದರೆ 22ಕ್ಕೆ ಜಾಗ ಮುಗಿಯುತ್ತದೆ. ಕಸಿಯ ನಂತರದ ಆರೈಕೆಯ ಬರಹವೂ ಅದೇ ಮಾತುಗಳಿಂದ ಆರಂಭವಾಗುತ್ತಿದ್ದುದರಿಂದ ಎರಡಕ್ಕೂ ಬಹುತೇಕ ಒಂದೇ ವಿಳಾಸವಾಗಿ, ಎರಡನೆಯದರ ಕೊನೆಗೆ 2 ಎಂಬ ಅಂಕಿ ಅಂಟಿಕೊಂಡಿತು. ಕನ್ನಡದ ವಿಳಾಸಗಳೇ ಇರಲಿ ಎಂಬ ಆಸೆ ನನಗಿತ್ತು. ಆದರೂ ಕೊನೆಗೆ ಅತ್ತಿಗೆಯೂ ನಾನೂ ಮೂರು ರಾತ್ರಿ ಕೂತು ಪ್ರತಿ ಪುಟಕ್ಕೂ ಇಂಗ್ಲಿಷ್ ಲಿಪಿಯಲ್ಲಿ ಎರಡು ಮೂರು ಪದಗಳ ಪುಟ್ಟ ವಿಳಾಸವನ್ನು ಕೈಯಾರೆ ಬರೆದೆವು.

ಮೊದಲ ಪ್ರಯೋಗದಲ್ಲಿ ಪುಟಗಳ ತುಂಬ ನೆತ್ತಿಯ ಮೇಲೆ ಓರೆಗೆರೆ ಎಳೆದ ಇಂಗ್ಲಿಷಿನ ಪುಟ್ಟ ‘ಎ’ ಅಕ್ಷರ, ಅದರ ಹೆಗಲಿಗೆ ಸಣ್ಣ ಎರಡು ಅಥವಾ ಮೂರರ ಅಂಕಿ, ಹೀಗೆ ಸಾಲುಗಟ್ಟಿ ನಿಂತಿದ್ದನ್ನು ಕಂಡು ಎದೆ ಧಸಕ್ಕೆಂದಿತು. ಬರಹವೇನೂ ಹಾಳಾಗಿರಲಿಲ್ಲ, ಡೇಟಾಬೇಸಿನ ಪ್ರತಿಯನ್ನು ಹೊಸ ಸರ್ವರ್‌ಗೆ ತುಂಬುವಾಗ ಅದನ್ನು ಪಶ್ಚಿಮ ಯುರೋಪಿನ ಭಾಷೆಗಳ ಲಿಪಿಸಂಕೇತವಾದ ಲ್ಯಾಟಿನ್-1 ಎಂದು ಓದಿಸಿದ್ದು ನನ್ನದೇ ತಪ್ಪು. ಅಂಥ ಹೊತ್ತಿನಲ್ಲಿ ಕೆಟ್ಟ ಅಕ್ಷರಗಳನ್ನು ಹುಡುಕಿ ಬದಲಿಸುತ್ತ ಹೋಗಬಾರದು. ಎಲ್ಲವನ್ನೂ ಅಳಿಸಿ, ಯುಟಿಎಫ್-8ಕ್ಕೆ ಡೇಟಾಬೇಸಿನಲ್ಲಿರುವ ಹೆಸರಾದ ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ಸೂಚಿಸಿ ಮೂಲ ಪ್ರತಿಯನ್ನೇ ಮತ್ತೆ ತುಂಬಿದೆ.

ನಾವು ಮಾರಾಟ ನಿಲ್ಲಿಸಿರುವ ತಳಿಗಳ ಪುಟಗಳನ್ನು ಮುಖಪುಟಕ್ಕೆ ತಿರುಗಿಸಿಬಿಡಿ ಎಂದು ಕೆಲವರು ಹೇಳಿದರು. ನನಗದು ಒಪ್ಪಿಗೆಯಾಗಲಿಲ್ಲ. ಆ ಗಿಡಗಳನ್ನು ನಮ್ಮಿಂದಲೇ ಒಯ್ದು ನೆಟ್ಟವರು, ಎಲೆ ಹಳದಿಯಾದಾಗ ಚೀಟಿ ಹುಡುಕಿ ಫೋನು ಹಿಡಿಯುತ್ತಾರೆ. ಬೆಲೆಯನ್ನೂ ಕೊಳ್ಳುವ ಗುಂಡಿಯನ್ನೂ ತೆಗೆದು, ‘ಈ ತಳಿ ಈಗ ನಮ್ಮಲ್ಲಿ ಸಿಗುವುದಿಲ್ಲ’ ಎಂದು ಮೇಲೊಂದು ಸಾಲು ಬರೆದು, ಆರೈಕೆಯ ವಿವರಗಳನ್ನು ಇದ್ದಂತೆಯೇ ಉಳಿಸಿದ್ದೇವೆ.